ಅಲೈನ್‌ಮೆಂಟ್ ಚೀಟಿ ಪೂರ್ತಿ ಹಸಿರು, ಆದರೂ ಕಾರು ನೆಟ್ಟಗೆ ಹೋಗಲಿಲ್ಲ: ನನ್ನ ಅನುಭವ

ನಮ್ಮ ಹಳೇ ಪೆಟ್ರೋಲ್ ಕಾರಿನ ಮುಂದಿನ ಎರಡು ಸ್ಟ್ರಟ್ (ಸ್ಪ್ರಿಂಗ್ ಹೊತ್ತಿರುವ ಶಾಕ್ ಅಬ್ಸಾರ್ಬರ್), ಅವುಗಳನ್ನು ಬಾಡಿಗೆ ಕೂರಿಸುವ ಮೇಲಿನ ಮೌಂಟ್, ಸ್ಟೀರಿಂಗ್ ಜೊತೆ ಸ್ಟ್ರಟ್ ತಿರುಗಲು ಬಿಡುವ ಬೇರಿಂಗ್, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಎಲ್ಲವನ್ನೂ ಗ್ಯಾರೇಜಿನಲ್ಲಿ ಒಂದೇ ಸಲ ಹೊಸದು ಹಾಕಿಸಿದೆ. ಅಲೈನ್‌ಮೆಂಟೂ (ಚಕ್ರಗಳ ಕೋನ ಅಳೆದು ಸರಿಹೊಂದಿಸುವುದು) ಮಾಡಿಸಿದೆ. ಕೈಗೆ ಕೊಟ್ಟ ಚೀಟಿಯಲ್ಲಿ ಎಲ್ಲಾ ಅಂಕಿ ಹಸಿರು, ಅಂದರೆ ಮಿತಿಯೊಳಗೇ. ಹಾಸನದಿಂದ ಸಕಲೇಶಪುರದ ಕಡೆ ಹೊರಟೆ. ಊರು ದಾಟುವಷ್ಟರಲ್ಲೇ ಏನೋ ಸರಿಯಿಲ್ಲ ಅಂತ ಗೊತ್ತಾಯ್ತು.

ಹಳ್ಳಕ್ಕೆ ಇಳಿದಾಗ ಬರುತ್ತಿದ್ದ ಗಡಗಡ ಹೋಗಿತ್ತು, ನಿಜ. ಆದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗುತ್ತಿರಲಿಲ್ಲ. ನಾನೇ ಎಳೆದು ತರಬೇಕಿತ್ತು. ನೇರ ರಸ್ತೆಯಲ್ಲಿ ಕಾರು ಒಂದು ಕಡೆ ಎಳೆಯುತ್ತಿತ್ತು. ಗ್ಯಾರೇಜಿಗೆ ವಾಪಸ್ ಹೋಗಿ ಹೇಳಿದೆ. ‘ಹೊಸ ಪಾರ್ಟು ಸಾರ್, ಸೆಟ್ ಆಗೋಕೆ ಸ್ವಲ್ಪ ಓಡಿಸ್ಬೇಕು’ ಅಂದರು. ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಕೊಟ್ಟರು. ಮತ್ತೆ ಹಸಿರು, ಮತ್ತೆ ಅದೇ ಕಥೆ.

ಮೂರನೇ ಸಲ ಮಿಷನ್ ಹತ್ತಿರ ಹೋಗಲಿಲ್ಲ. ಮನೆಯಲ್ಲೇ ಒಂದೊಂದಾಗಿ ನೋಡೋಣ ಅಂತ ಕೂತೆ.

ಮೊದಲು ಗಾಳಿ. ಟೈರ್ ತಣ್ಣಗಿದ್ದಾಗ ನಾಲ್ಕಕ್ಕೂ ಕಂಪನಿ ಹೇಳಿದಷ್ಟು ತುಂಬಿಸಿದೆ. ಆಮೇಲೆ ಮುಂದಿನ ಟೈರುಗಳನ್ನು ಎಡಬಲ ಅದಲುಬದಲು ಮಾಡಿದೆ. ಟೈರಿನದೇ ದೋಷವಾದರೆ ಎಳೆತವೂ ಪಕ್ಕ ಬದಲಿಸುತ್ತದೆ. ಏನೂ ಬದಲಾಗಲಿಲ್ಲ. ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಒಂದು ಸುತ್ತು ಹೋಗಿಬಂದು ರಿಮ್ ಹತ್ತಿರ ಕೈ ಇಟ್ಟು ನೋಡಿದೆ. ಎರಡೂ ಒಂದೇ ಬಿಸಿ. ಇನ್ನೊಂದು ವಿಷಯ: ನೀರು ಹರಿದುಹೋಗಲಿ ಅಂತ ನಮ್ಮ ರಸ್ತೆಗಳು ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ. ಎಡಗಡೆ ಓಡಿಸುವ ನಮಗೆ ಎಡಕ್ಕೆ ಚೂರು ಎಳೆಯುವುದು ಸಹಜ. ಅದನ್ನು ದೋಷ ಅಂತ ಹಿಡಿಯಬಾರದು.

ಸುಳಿವು ಸಿಕ್ಕಿದ್ದು ಬೆಳಿಗ್ಗೆ ಖಾಲಿ ಇದ್ದ ಮೈದಾನದಲ್ಲಿ. ಎಡಕ್ಕೆ ಒಂದು ಸುತ್ತು ಹಾಕಿ ನೆಟ್ಟಗೆ ಬಿಟ್ಟೆ, ಕಾರು ಎಡಕ್ಕೆ ಎಳೆಯಿತು. ಬಲಕ್ಕೆ ಸುತ್ತು ಹಾಕಿ ಬಿಟ್ಟೆ, ಬಲಕ್ಕೆ ಎಳೆಯಿತು! ನಾಲ್ಕೈದು ಸಲ ಮಾಡಿದರೂ ಅಷ್ಟೇ. ಚಕ್ರದ ಕೋನ ತಪ್ಪಿದ್ದರೆ ಯಾವಾಗಲೂ ಒಂದೇ ಕಡೆ ಎಳೆಯಬೇಕು ಅಲ್ವಾ? ಕಡೇ ತಿರುವು ಯಾವ ಕಡೆಗಿತ್ತೋ ಆ ಕಡೆಗೇ ಎಳೆಯುತ್ತಿದೆ ಅಂದರೆ ತಿರುಗಬೇಕಾದದ್ದು ಎಲ್ಲೋ ಬಿಗಿದುಕೊಂಡಿದೆ ಅಂತ ಅರ್ಥ. ಅಲೈನ್‌ಮೆಂಟ್ ಮಿಷನ್ ಕೋನ ಅಳೆಯುತ್ತದೆ, ಈ ಬಿಗಿತ ಅದಕ್ಕೆ ಕಾಣುವುದಿಲ್ಲ.

ಮನೆಗೆ ಬಂದು ಹೆಂಡತಿಯನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ. ಇಂಜಿನ್ ಆನ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿದೆ. ನಾನು ಕೆಳಗೆ ಕೂತು ಬಲಗಡೆ ಸ್ಪ್ರಿಂಗ್ ಹೊರಮೈಗೆ ಬೆರಳ ತುದಿ ಮುಟ್ಟಿಸಿದೆ. ಸುರುಳಿಗಳ ನಡುವೆ ಬೆರಳು ಹಾಕಲೇಬಾರದು. ಅವಳು ನಿಧಾನಕ್ಕೆ ತಿರುಗಿಸಿದಳು. ಸ್ಪ್ರಿಂಗ್ ಸ್ಟ್ರಟ್ ಜೊತೆ ಸಲೀಸಾಗಿ ತಿರುಗಬೇಕಿತ್ತು. ಅದು ತಡೆದು ನಿಂತು, ಹುರಿಗೊಂಡು, ಆಮೇಲೆ ‘ಟಣ್’ ಅಂತ ಹಾರಿತು. ಬೆರಳಿಗೆ ಜುಮ್ ಅಂದಿತು. ‘ರೀ, ಇಲ್ಲಿ ಸ್ಟೀರಿಂಗಲ್ಲೂ ಗೊತ್ತಾಯ್ತು’ ಅಂದಳು. ಎಡಗಡೆ ಸ್ಪ್ರಿಂಗ್ ನುಣ್ಣಗೆ ತಿರುಗಿತು.

ಜೊತೆಗೆ ಟೇಪ್ ಹಿಡಿದು ಚಕ್ರದ ನಡುವಿನಿಂದ ಅದರ ಮೇಲಿನ ಫೆಂಡರ್ ತಗಡಿನ ಅಂಚಿನವರೆಗೂ ಅಳೆದೆ. ಬಲಗಡೆ 8 ಮಿ.ಮೀ. ಜಾಸ್ತಿ ಇತ್ತು.

ಇಷ್ಟನ್ನೂ ಬರೆದುಕೊಂಡು ಪರಿಚಯದ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಒತ್ತಿ ಹಿಡಿದ ಸ್ಪ್ರಿಂಗ್ ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ, ಜಾರಿದರೆ ಜೀವಕ್ಕೇ ಅಪಾಯ. ಅವರು ಕಾರು ಎತ್ತಿ, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಕಳಚಿ, ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಎಡದ್ದು ಬಿಟ್ಟಲ್ಲೇ ನಿಂತಿತು. ಬಲದ್ದು ಕೈ ಬಿಟ್ಟ ತಕ್ಷಣ ಅರ್ಧಕ್ಕೆ ವಾಪಸ್ ಚಿಮ್ಮಿತು. ಲೋಯರ್ ಆರ್ಮ್ ತುದಿಯ ಬಾಲ್ ಜಾಯಿಂಟ್ (ಚಕ್ರ ತಿರುಗುವ ಕೀಲು) ಬಿಗಿಯಾಗಿದ್ದರೂ ಹೀಗೆ ಆಗಬಹುದಂತೆ, ಅದನ್ನೂ ಬಿಡಿಸಿ ನೋಡಿದರು. ಸರಿಯಿತ್ತು. ಸ್ಟ್ರಟ್ ಬಿಚ್ಚಿದಾಗ ಸಿಕ್ಕಿತು: ಮೇಲಿನ ಬೇರಿಂಗ್ ತಲೆಕೆಳಗಾಗಿ ಕೂತಿತ್ತು. ಹೊಸ ಬೇರಿಂಗ್ ಆಗಲೇ ಗೀರುಬಿದ್ದು ಹಾಳಾಗಿತ್ತು. ಬೇರೆಯದನ್ನು ಸರಿಯಾಗಿ ಕೂರಿಸಿದರು.

ಎತ್ತರದ ವ್ಯತ್ಯಾಸಕ್ಕೆ ಕಾರಣ ಬುಷ್. ಕಾರು ಲಿಫ್ಟ್ ಮೇಲೆ ತೂಗಾಡುತ್ತಿರುವಾಗಲೇ ಲೋಯರ್ ಆರ್ಮ್ ಬೋಲ್ಟ್ ಬಿಗಿ ಮಾಡಿಬಿಟ್ಟಿದ್ದರು ಅನ್ನಿಸುತ್ತದೆ. ಹಾಗೆ ಮಾಡಿದರೆ ಆರ್ಮ್ ಕೆಳಗೆ ಇಳಿದಿರುವ ಸ್ಥಿತಿಯಲ್ಲೇ ರಬ್ಬರ್ ಸಿಕ್ಕಿಕೊಳ್ಳುತ್ತದೆ. ಕಾರು ನೆಲಕ್ಕಿಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿದೂ ಹೋಗುತ್ತದೆ. ಬೋಲ್ಟ್ ಸಡಿಲ ಮಾಡಿ, ಚಕ್ರದ ಮೇಲೆ ಪೂರ್ತಿ ಭಾರ ಬಿಟ್ಟು, ಕಾರನ್ನು ನಾಲ್ಕು ಸಲ ಕುಲುಕಿಸಿ, ಗ್ಯಾರೇಜಿನ ಗುಂಡಿಗೆ ಇಳಿದು ಟಾರ್ಕ್ ರೆಂಚ್‌ನಲ್ಲಿ (ಹೇಳಿದಷ್ಟೇ ಬಲಕ್ಕೆ ಬಿಗಿ ಮಾಡುವ ಸ್ಪ್ಯಾನರ್) ಬಿಗಿ ಮಾಡಿದರು. ಮತ್ತೆ ಅಳೆದಾಗ ಎರಡೂ ಕಡೆಯ ವ್ಯತ್ಯಾಸ 2 ಮಿ.ಮೀ. ಒಳಗೆ ಬಂತು.

ಸ್ಟ್ರಟ್ ಬಿಚ್ಚಿ ಹಾಕಿದಾಗ ಅದನ್ನು ಚಕ್ರದ ನಕಲ್ ಅನ್ನುವ ಭಾಗಕ್ಕೆ ಕಟ್ಟುವ ಬೋಲ್ಟಿನ ಸಣ್ಣ ಸಡಿಲದಿಂದಲೇ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬದಲಾಗುತ್ತದೆ, ಅದರ ಜೊತೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ. ಟೋ ಎಷ್ಟು ಬದಲಾಗಿದೆ ಅಂತ ನೋಡುವ ಆಸೆ. ಸಮ ನೆಲದಲ್ಲಿ ಮುಂದಿನ ಎರಡು ಟೈರಿನ ಹಿಂಬದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಗಳ ನಡುವೆ ಅಳೆದೆ. ಆ ಗೆರೆಗಳು ಮುಂಬದಿಗೆ ಬರುವ ತನಕ ಕಾರನ್ನು ಅರ್ಧ ಸುತ್ತು ತಳ್ಳಿ, ಅಷ್ಟೇ ಎತ್ತರದಲ್ಲಿ ಮತ್ತೆ ಅಳೆದೆ. ಮುಂದೆ 3 ಮಿ.ಮೀ. ಜಾಸ್ತಿ, ಅಂದರೆ ಚಕ್ರಗಳು ಹೊರಕ್ಕೆ ತೆರೆದಿದ್ದವು. ಹಾಗೇ ಓಡಿಸಿದ್ದರೆ ಟೈರಿನ ಒಳಅಂಚು ಸವೆಯುತ್ತಿತ್ತು. ಮರುದಿನವೇ ಅಲೈನ್‌ಮೆಂಟ್‌ಗೆ ಹೋದೆ. ಸ್ಟೀರಿಂಗ್ ನೆಟ್ಟಗೆ ಲಾಕ್ ಮಾಡಿದ ಮೇಲೇ ಟೈ ರಾಡ್ ತಿರುಗಿಸಿ ಅಂತ ಪಕ್ಕದಲ್ಲೇ ನಿಂತು ಹೇಳಿದೆ.

ಈಗ ತಿರುವು ಮುಗಿದ ಕೂಡಲೇ ಸ್ಟೀರಿಂಗ್ ಅಂಗೈಯಲ್ಲೇ ಜಾರಿ ನೆಟ್ಟಗಾಗುತ್ತದೆ. 2,000 ಕಿ.ಮೀ. ಆದ ಮೇಲೆ ಟೈರನ್ನು ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸವರಿ ನೋಡಿದೆ. ಎಲ್ಲೂ ಗರಗಸದ ಹಾಗೆ ಚುಚ್ಚಲಿಲ್ಲ.