ನಗರಸಭೆಯಿಂದ ವಾರ್ಡಿನ ಕೆಲಸ ಮಾಡಿಸಿಕೊಳ್ಳುವುದು ಹೇಗೆ

ಚರಂಡಿ ಕಟ್ಟಿಕೊಂಡರೆ ಜನ ಮೊದಲು ಓಡುವುದು ವಾರ್ಡ್ ಸದಸ್ಯರ ಮನೆಗೆ. ಅದು ಸುತ್ತುದಾರಿ. ಇರುವುದನ್ನು ಸರಿಯಾಗಿಡುವುದು ಸಿಬ್ಬಂದಿಯ ಕೆಲಸ. ಹೊಸದಾಗಿ ಹಣ ಹಾಕಬೇಕಾದದ್ದು ಸಭೆಯ ತೀರ್ಮಾನ. ಹೊಸ ಚರಂಡಿ ಬೇಕಿದ್ದರೆ ಸದಸ್ಯರ ಬಾಗಿಲು ತಟ್ಟಿ.

ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು 1964ರ ಕಾಯ್ದೆಯಡಿ ನಡೆಯುತ್ತವೆ, ಮಹಾನಗರ ಪಾಲಿಕೆಗಳು 1976ರ ಕಾಯ್ದೆಯಡಿ. ಬೆಂಗಳೂರಿನದು ಬೇರೆಯೇ ಕಾಯ್ದೆ. ಅಧ್ಯಕ್ಷರು ಸಭೆ ನಡೆಸುತ್ತಾರೆ. ಕಡತಕ್ಕೆ ಸಹಿ ಹಾಕಿ ಕೆಲಸ ಮಾಡಿಸುವವರು ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ. ಶಾಸಕರು, ಸಂಸದರಿಗೂ ಸಭೆಯಲ್ಲಿ ಮತವಿದೆ.

ಕಸ, ಚರಂಡಿಗೆ ಆರೋಗ್ಯ ನಿರೀಕ್ಷಕರು. ರಸ್ತೆ ಗುಂಡಿಗೆ ಕಿರಿಯ ಎಂಜಿನಿಯರ್. ಖಾತೆ, ಆಸ್ತಿ ತೆರಿಗೆಗೆ ಕಂದಾಯ ಶಾಖೆ. ಬೀದಿದೀಪದಲ್ಲಿ ಎಡವುವವರು ಹೆಚ್ಚು: ದೀಪ ನಗರಸಭೆಯದು, ಕಂಬ ಮತ್ತು ತಂತಿ ಸಾಮಾನ್ಯವಾಗಿ ವಿದ್ಯುತ್ ಕಂಪನಿಯದು. ಅರ್ಜಿ ಎರಡು ಪ್ರತಿ ಬರೆದು ಟಪಾಲು ವಿಭಾಗಕ್ಕೆ ಕೊಡಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.

ಹೊಸ ಕಾಮಗಾರಿಯ ಹಾದಿ ಉದ್ದ. ಎಂಜಿನಿಯರ್ ಅಳತೆ ಮಾಡಿ ಅಂದಾಜುಪಟ್ಟಿ ತಯಾರಿಸಬೇಕು, ವಿಷಯ ಕಾರ್ಯಸೂಚಿಗೆ ಬರಬೇಕು, ಸಾಮಾನ್ಯ ಸಭೆ ನಿರ್ಣಯ ಮಾಡಬೇಕು. ಆಮೇಲೆ ಕ್ರಿಯಾ ಯೋಜನೆಗೆ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ನಿರ್ಣಯವಾಯಿತೆಂದು ಪಟಾಕಿ ಹೊಡೆಯುವುದು ಬೇಡ, ಬಹಳಷ್ಟು ಕೆಲಸ ನಿಲ್ಲುವುದೇ ಅದರ ನಂತರ. ಸಭೆ ಒಪ್ಪಿದ ಮಾತ್ರಕ್ಕೆ ಹಣ ಬಂದಿರುವುದಿಲ್ಲ. ಕುಡಿಯುವ ನೀರಿಗೆಂದು ಬಂದ ಅನುದಾನವನ್ನು ರಸ್ತೆಗೆ ಹಾಕುವಂತೆಯೂ ಇಲ್ಲ. ಆದ್ದರಿಂದ ‘ಯಾವ ಅನುದಾನ, ಯಾವ ವರ್ಷದ್ದು’ ಎಂದು ಮೊದಲೇ ಕೇಳಿ. ಏಪ್ರಿಲ್‌ಗೆ ಹೊಸ ಬಜೆಟ್ ಶುರುವಾಗುವುದರಿಂದ ಡಿಸೆಂಬರ್ ಒಳಗೆ ಬೇಡಿಕೆ ಸಲ್ಲಿಸಿದರೆ ಒಳ್ಳೆಯದು.

ಇನ್ನೊಂದು ತೊಡಕು ಖಾಸಗಿ ಬಡಾವಣೆಗಳದ್ದು. ಡೆವಲಪರ್ ರಸ್ತೆಗಳನ್ನು ನಗರಸಭೆಗೆ ಹಸ್ತಾಂತರಿಸದಿದ್ದರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದೇ ಸಾಲಿನಲ್ಲಿ ಅರ್ಜಿ ವಾಪಸ್ಸಾಗುತ್ತದೆ. ಹಸ್ತಾಂತರದ ಪತ್ರ ಮೊದಲು ಹುಡುಕಿ. ಚುನಾಯಿತ ಸಭೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರೆ ನಿರ್ಣಯಕ್ಕೆ ಅವರ ಸಹಿಯೇ ಬೇಕು, ಅರ್ಜಿಯನ್ನು ಅವರ ಹೆಸರಿಗೇ ಬರೆಯಿರಿ.

ಉತ್ತರವೇ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ; 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ನಿರ್ಣಯದ ನಕಲು, ಅಂದಾಜುಪಟ್ಟಿ, ಬಿಲ್ ಪಾವತಿಯಾಗಿದ್ದರೆ ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪುಟಗಳು ಎಂದು ದಾಖಲೆಗಳನ್ನೇ ಹೆಸರಿಸಿ ಕೇಳಿ.