ಕುದುರೆ ಲಾಯದಲ್ಲಿ ನೊಣದ ಹತೋಟಿ: ಹುಟ್ಟುವ ಜಾಗದಿಂದಲೇ ಶುರುಮಾಡಿ

ಸ್ಪ್ರೇ, ಬಲೆ, ಮುಖವಾಡ ಎಲ್ಲ ಆಮೇಲೆ. ಮೊದಲು ಕುದುರೆಯ ಮೈಮೇಲೆ ನೊಣ ಎಲ್ಲಿ ಕೂತಿದೆ ಎಂದು ನೋಡಿ. ಲಾಯದ ಸುತ್ತ ಹಾರಾಡುವ ನೊಣಗಳೆಲ್ಲ ಒಂದೇ ಜಾತಿಯವಲ್ಲ. ಒಂದೊಂದು ಹುಟ್ಟುವುದು ಒಂದೊಂದು ಕಡೆ, ಒಂದನ್ನು ಹಿಡಿಯುವ ಬಲೆ ಇನ್ನೊಂದನ್ನು ಮುಟ್ಟುವುದೇ ಇಲ್ಲ. ಎಷ್ಟೋ ಕಡೆ ದುಡ್ಡು ಖರ್ಚಾಗಿಯೂ ನೊಣ ಕಡಿಮೆಯಾಗದಿರುವುದಕ್ಕೆ ಇದೇ ಕಾರಣ.

ಕಣ್ಣಿನ ಅಂಚು, ಮೂಗಿನ ಹೊಳ್ಳೆ, ಗಾಯದ ರಸ ಇವುಗಳಿಗೆ ಮುತ್ತುವುದು ಹೆಚ್ಚಾಗಿ ಮನೆನೊಣ. ಅದು ಕಚ್ಚುವುದಿಲ್ಲ, ಒದ್ದೆಯನ್ನು ಹೀರುತ್ತದೆ. ಕುದುರೆ ಬಿಡದೆ ಕಾಲು ನೆಲಕ್ಕೆ ಅಪ್ಪಳಿಸುತ್ತಿದ್ದರೆ ಬಗ್ಗಿ ಮೊಣಕಾಲಿನ ಕೆಳಗೆ ನೋಡಿ. ಗಾತ್ರದಲ್ಲಿ ಮನೆನೊಣದಷ್ಟೇ ಇದ್ದು, ತಲೆ ಮೇಲಾಗಿ ಕೂತಿದ್ದರೆ, ಬಾಯಿಯ ಜಾಗದಲ್ಲಿ ಮುಂದಕ್ಕೆ ಚಾಚಿದ ಗಟ್ಟಿ ಕರಿ ಸೂಜಿ ಕಂಡರೆ, ಅದು ಸ್ಟೇಬಲ್ ಫ್ಲೈ, ಅಂದರೆ ಲಾಯದ ನೊಣ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ಹೊಟ್ಟೆ ತುಂಬಲು ಕೆಲವೇ ನಿಮಿಷ ಸಾಕು. ಉಳಿದ ಹೊತ್ತೆಲ್ಲ ಬಿಸಿಲು ಬಿದ್ದ ಗೋಡೆ, ಬೇಲಿ, ಕಂಬದ ಮೇಲೆ ಕೂತಿರುತ್ತವೆ. ಕಾಲಿನ ಮೇಲೆ ನಾಲ್ಕು ಕಂಡವು ಎಂದರೆ ಸುತ್ತಮುತ್ತ ಅದಕ್ಕಿಂತ ಎಷ್ಟೋ ಪಟ್ಟು ಇವೆ. ಹೀಗಾಗಿ ಕುದುರೆಯ ಮೈಗೆ ಮಾತ್ರ ಔಷಧಿ ಹೊಡೆದರೆ ಅವುಗಳ ಸಂಖ್ಯೆ ತಗ್ಗುವುದಿಲ್ಲ.

ಜೇನುಹುಳದಷ್ಟು ಅಥವಾ ಅದಕ್ಕಿಂತ ದೊಡ್ಡದಾದ, ಹಾಡುಹಗಲಿನ ಬಿಸಿಲಲ್ಲಿ ಬಂದು ರಕ್ತ ಜಿನುಗುವಂತೆ ಕಚ್ಚುವುದು ಕುದುರೆನೊಣ. ಇದರಲ್ಲಿ ಕಚ್ಚುವುದು ಹೆಣ್ಣು ಮಾತ್ರ. ಮುಸ್ಸಂಜೆ ಮತ್ತು ಮುಂಜಾವಿನಲ್ಲಿ ಹೊಟ್ಟೆಯ ಅಡಿ, ಕೇಸರದ ಬುಡ, ಬಾಲದ ಬುಡಕ್ಕೆ ಮುತ್ತಿ ತುರಿಕೆ ಎಬ್ಬಿಸುವುದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೊರಜು. ಈ ಎರಡೂ ಸಾಮಾನ್ಯವಾಗಿ ಲಾಯದ ಲದ್ದಿಯಿಂದ ಹುಟ್ಟುವಂಥವಲ್ಲ. ಕೆರೆ, ಜೌಗು, ಒದ್ದೆ ಮಣ್ಣಿನ ಅಂಚಿನಲ್ಲಿ ಬೆಳೆಯುತ್ತವೆ. ಲಾಯ ಎಷ್ಟು ತೊಳೆದರೂ ಅವು ಬರುತ್ತಲೇ ಇರುತ್ತವೆ, ಅವಕ್ಕೆ ಬೇರೆ ಉಪಾಯ ಬೇಕು.

ಎಲ್ಲಿ ಕೆದಕಬೇಕು

450–500 ಕಿಲೋ ತೂಗುವ ಕುದುರೆ ದಿನಕ್ಕೆ ಸುಮಾರು 20–25 ಕಿಲೋ ಲದ್ದಿ ಹಾಕುತ್ತದೆ. ಬೇಸಿಗೆಯ ಬಿಸಿಯಲ್ಲಿ ಮನೆನೊಣದ ಮೊಟ್ಟೆ 7ರಿಂದ 10 ದಿನದೊಳಗೆ ಹಾರುವ ನೊಣವಾಗುತ್ತದೆ. ಲಾಯದ ನೊಣಕ್ಕೆ ಎರಡು ಮೂರು ವಾರ ಬೇಕು. ಲೆಕ್ಕ ಇಷ್ಟೇ: ಯಾವ ಒದ್ದೆ ಕಸವೂ ಒಂದು ವಾರ ಒಂದೇ ಕಡೆ ಕೂರಬಾರದು. ಲಾಯದ ಒಳಗೆ ದಿನವೂ, ಹೊರಗಿನ ಅಂಕಣದಲ್ಲಿ ವಾರಕ್ಕೆ ಎರಡು ಸಲವಾದರೂ ಲದ್ದಿ ಎತ್ತಿ.

ಆದರೆ ದಿನವೂ ಗುಡಿಸುವ ಲಾಯದಲ್ಲೂ ನೊಣ ಹುಟ್ಟುತ್ತದೆ. ಸಲಿಕೆ ಓಡುವುದು ನಡುಭಾಗದಲ್ಲಿ, ಮೊಟ್ಟೆಯೊಡೆದು ಬಂದ ನೊಣದ ಹುಳು ಇರುವುದು ಅಂಚಿನಲ್ಲಿ. ಗೋದಲಿಯ ಕೆಳಗೆ, ನೀರಿನ ಬಕೆಟ್ ಹಿಂದೆ, ಗೋಡೆ ನೆಲಕ್ಕೆ ಸೇರುವ ಮೂಲೆಯಲ್ಲಿ, ರಬ್ಬರ್ ಮ್ಯಾಟಿನ ಅಂಚಿನಡಿ, ಬಾಗಿಲ ಬಳಿಯ ಚರಂಡಿಯಲ್ಲಿ ಒಂದು ಸಣ್ಣ ಕರಣೆ ಹಿಡಿದು 5–8 ಸೆಂಟಿಮೀಟರ್ ಆಳಕ್ಕೆ ಕೆದಕಿ. ಒದ್ದೆ ಭಾಗದಲ್ಲಿ ಕೆನೆ ಬಣ್ಣದ, ಕಾಲಿಲ್ಲದ ಹುಳುಗಳು ಹೊರಳಾಡುತ್ತಿರುತ್ತವೆ. ಅಲ್ಲಿಂದ ಒಂದು ಗೇಣು ಆಚೆ, ಸ್ವಲ್ಪ ಒಣಗಿದ ಕಡೆ, 5–6 ಮಿಲಿಮೀಟರ್ ಉದ್ದದ ಕಂದು ಕೋಶಗಳು, ಅಂದರೆ ಹುಳು ನೊಣವಾಗಿ ಬದಲಾಗುವ ಗೂಡುಗಳು, ಗುಂಪಾಗಿ ಬಿದ್ದಿರುತ್ತವೆ. ಬೆರಳಲ್ಲಿ ಒತ್ತಿದಾಗ ಒಳಗೆ ರಸವಿದ್ದರೆ ನೊಣ ಇನ್ನೂ ಹೊರಬಂದಿಲ್ಲ. ಬರೀ ಸಿಪ್ಪೆಯಾದರೆ ಹಾರಿಹೋಗಿದೆ. ಹೀಗೆ ಸಿಕ್ಕಿದ್ದನ್ನು ಲಾಯದ ಪಕ್ಕಕ್ಕೆ ಎಸೆಯಬೇಡಿ, ಕೋಶ ಅಲ್ಲಿಯೇ ಒಡೆದು ನೊಣ ಹೊರಬರುತ್ತದೆ. ತಿಪ್ಪೆಯ ಬಿಸಿ ನಡುಭಾಗಕ್ಕೆ ಹೂಳಿ.

ಲಾಯದ ನೊಣಕ್ಕೆ ಹೊಸ ಲದ್ದಿಗಿಂತ ಮೂತ್ರ, ಲದ್ದಿ ಬೆರೆತು ಕೊಳೆತ ಹುಲ್ಲು ಹೆಚ್ಚು ಇಷ್ಟ. ಹೊರಗೆ ಹುಲ್ಲು ಹಾಕುವ ಚೌಕಟ್ಟಿನ ಸುತ್ತ ತುಳಿದು ಒದ್ದೆಯಾದ ಹುಲ್ಲಿನ ಪದರವೇ ಅದರ ದೊಡ್ಡ ತವರು. ಚೌಕಟ್ಟನ್ನು ಆಗಾಗ ಜಾಗ ಬದಲಿಸಿ, ಹಳೆಯ ಜಾಗದ ಕಸವನ್ನು ಬಿಸಿಲಲ್ಲಿ ಎರಡು ಸೆಂಟಿಮೀಟರ್ ಮೀರದಂತೆ ತೆಳ್ಳಗೆ ಹರಡಿ. ಒಣಗಿದರೆ ಹುಳು ಸಾಯುತ್ತದೆ. ದಪ್ಪ ಹರಡಿದರೆ ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಪ್ರಯೋಜನವಿಲ್ಲ. ಒಳಗಿನ ಹಾಸಿಗೂ ಇದೇ ಮಾತು: ಹುಲ್ಲಿನ ಹಾಸಿಗಿಂತ ಮರದ ಹೊಟ್ಟಿನ ಹಾಸಿನಲ್ಲಿ ಹುಳು ಕಡಿಮೆ.

ತೇವದ ಮೂಲ ಹುಡುಕಿ ನಿಲ್ಲಿಸಿ. ಸೋರುವ ನಲ್ಲಿ, ತುಂಬಿ ಚೆಲ್ಲುವ ತೊಟ್ಟಿ, ಇಳಿಜಾರಿಲ್ಲದ ನೆಲ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುವುದು, ಇವನ್ನು ಸರಿಪಡಿಸದೆ ಎಷ್ಟು ಗುಡಿಸಿದರೂ ಆ ಜಾಗ ಮತ್ತೆ ಒದ್ದೆಯಾಗುತ್ತದೆ. ವಾರಕ್ಕೊಮ್ಮೆ ಹಾಸು ಪೂರ್ತಿ ತೆಗೆದು, ಮ್ಯಾಟ್ ಎತ್ತಿ, ನೆಲ ಒಣಗಲು ಬಿಡಿ. ಅರಳಿದ ಸುಣ್ಣವನ್ನು ಹಸಿ ನೆಲಕ್ಕೆ ಹರಡಿ ಅದರ ಮೇಲೇ ಕುದುರೆ ನಿಲ್ಲಿಸಬೇಡಿ, ಗೊರಸಿನ ಸಂದಿಯ ಚರ್ಮ ಸುಡುತ್ತದೆ.

ತಿಪ್ಪೆ ಬಿಸಿಯೇರಬೇಕು

ತಿಪ್ಪೆ ಲಾಯದಿಂದ, ಬಾವಿಯಿಂದ ಆದಷ್ಟು ದೂರವಿರಲಿ. ಉದ್ದ, ಅಗಲ, ಎತ್ತರ ಮೂರೂ ಒಂದು ಮೀಟರಿಗಿಂತ ಕಡಿಮೆಯಾದರೆ ಬಿಸಿ ನಿಲ್ಲುವುದಿಲ್ಲ, ಒಂದೂವರೆ ಮೀಟರ್ ಇದ್ದರೆ ಒಳ್ಳೆಯದು. ಒಳಗಿನ ಬಿಸಿ 55–65 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೊಟ್ಟೆ, ಹುಳು, ಕೋಶ ಎಲ್ಲವೂ ಸಾಯುತ್ತವೆ. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ನೋಡಿ, ಅಂದಾಜಿಗೆ ಬಿಡಬೇಡಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿಯಾಗಿದೆ. ನೀರು ಸುರಿದರೆ ಒಣ ಹೊಟ್ಟು ಬೆರೆಸಿ, ಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ತೇವ ಸರಿಯಿದ್ದೂ ಬಿಸಿಯೇರುತ್ತಿಲ್ಲ ಎಂದರೆ ಹೆಚ್ಚಾಗಿ ಹೊಟ್ಟು ಅತಿಯಾಗಿ, ಲದ್ದಿ ಕಡಿಮೆಯಾಗಿದೆ. ಹಸಿರು ಹುಲ್ಲನ್ನೋ ಹೊಸ ಲದ್ದಿಯನ್ನೋ ಸೇರಿಸಿ.

ಒಳಗೆ ಎಷ್ಟೇ ಬಿಸಿಯಿದ್ದರೂ ಹೊರಗಿನ ಪದರ ತಣ್ಣಗಿರುತ್ತದೆ, ಹುಳುಗಳೆಲ್ಲ ಅಲ್ಲಿಗೇ ಸರಿಯುತ್ತವೆ. ವಾರಕ್ಕೊಮ್ಮೆ ಹೊರಗಿನದು ಒಳಕ್ಕೆ ಹೋಗುವಂತೆ ಮಗುಚಿ. ಮಗುಚಲು ಆಳಿಲ್ಲದಿದ್ದರೆ ದಪ್ಪ ಕಪ್ಪು ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಸುತ್ತಲೂ ಮಣ್ಣು ಹೇರಿ. ಒಂದು ಕಡೆ ಬಾಯಿ ತೆರೆದಿದ್ದರೂ ನೊಣ ಅಲ್ಲೇ ಮೊಟ್ಟೆ ಇಡುತ್ತದೆ.

ಹಾರುವ ನೊಣಕ್ಕೆ

ಇಷ್ಟಾದ ಮೇಲೆ ಉಳಿದ ನೊಣಕ್ಕೆ ಬಲೆ, ಔಷಧಿ. ನಾತದ ಎರೆ ಹಾಕಿದ ಚೀಲ, ಬಾಟಲಿಗಳು ಮನೆನೊಣವನ್ನು ಚೆನ್ನಾಗಿ ಸೆಳೆಯುತ್ತವೆ. ಅದೇ ಕಾರಣಕ್ಕೆ ಅವನ್ನು ಲಾಯದೊಳಗೆ ತೂಗುಹಾಕಬಾರದು, 10–15 ಮೀಟರ್ ಆಚೆ ಇರಲಿ. ರಕ್ತ ಬೇಕಾದ ಲಾಯದ ನೊಣ ಈ ನಾತಕ್ಕೂ ಬರುವುದಿಲ್ಲ, ಸಿಹಿ ವಿಷದ ಹರಳನ್ನೂ ಮುಟ್ಟುವುದಿಲ್ಲ. ಅದಕ್ಕೆ ಬಿಳಿ ಅಥವಾ ನೀಲಿ ಅಂಟು ಹಲಗೆಯನ್ನು ಬಿಸಿಲಿರುವ ಕಡೆ, ನೆಲದಿಂದ 30–90 ಸೆಂಟಿಮೀಟರ್ ಎತ್ತರದಲ್ಲಿ, ಕುದುರೆಯ ಬಾಲಕ್ಕೂ ನಾಯಿಗೂ ಸಿಗದಂತೆ ನಿಲ್ಲಿಸಿ. ಧೂಳು ಹಿಡಿದ ಅಂಟು ನೊಣ ಹಿಡಿಯುವುದಿಲ್ಲ. ವಿಷದ ಹರಳನ್ನು ನೆಲಕ್ಕೆ ಚೆಲ್ಲದೆ ನೇತುಹಾಕುವ ಡಬ್ಬಿಯಲ್ಲೇ ಇಡಿ, ನಾಯಿ ಮತ್ತು ಕೋಳಿ ತಿಂದರೆ ಪ್ರಾಣಕ್ಕೇ ಅಪಾಯ.

ಕುದುರೆನೊಣ ಕಪ್ಪಾದ, ಅಲುಗಾಡುವ ವಸ್ತುವಿಗೆ ಮರುಳಾಗುತ್ತದೆ. ಬಿಸಿಲಲ್ಲಿ ತೂಗುವ ಕಪ್ಪು ಚೆಂಡು, ಅದರ ಮೇಲೆ ಕೊಡೆಯಾಕಾರದ ಬಲೆ ಇರುವ ಟ್ರ್ಯಾಪ್ ಅದಕ್ಕೆ ಒಗ್ಗುತ್ತದೆ. ಕತ್ತಲ ಕಟ್ಟಡದೊಳಗೆ ಅದು ಸಾಮಾನ್ಯವಾಗಿ ನುಗ್ಗುವುದಿಲ್ಲವಾದ್ದರಿಂದ ಹಗಲು ಕುದುರೆಯನ್ನು ಒಳಗಿಟ್ಟು ರಾತ್ರಿ ಹೊರಬಿಡುವುದೇ ಸುಲಭದ ದಾರಿ. ನೊರಜಿಗೆ ಇದರ ತದ್ವಿರುದ್ಧ: ಮುಸ್ಸಂಜೆಯಿಂದ ಬೆಳಕು ಹರಿಯುವವರೆಗೆ ಒಳಗಿರಬೇಕು. ಎರಡೂ ಕಾಟವಿದ್ದರೆ ಕುದುರೆಗೆ ನೊರಜಿನಿಂದ ಬರುವ ತುರಿಕೆಯ ಅಲರ್ಜಿ ಇದೆಯೇ ಎಂದು ನೋಡಿ ತೀರ್ಮಾನಿಸಿ, ಇದ್ದರೆ ನೊರಜಿನ ಹೊತ್ತಿಗೇ ಒಳಗಿಡಿ. ಒಳಗೆ ಫ್ಯಾನ್ ಹಾಕಿದರೆ ದೊಡ್ಡ ಲಾಭ ನೊರಜಿನ ವಿಷಯದಲ್ಲಿ. ಅದಕ್ಕೆ ಗಾಳಿಗೆದುರಾಗಿ ಹಾರುವ ಶಕ್ತಿಯಿಲ್ಲ. ವೈರ್ ಕುದುರೆಯ ಬಾಯಿಗೆ ಎಟುಕದಂತೆ ಪೈಪಿನೊಳಗೆ ಹಾಯಿಸಿ.

ಗೋಡೆಗೆ ಹೊಡೆಯುವ ಔಷಧಿಯನ್ನು ನೊಣದ ಹಿಕ್ಕೆಯ ಚುಕ್ಕಿ ಹೆಚ್ಚಿರುವ ಕಡೆಗೆ ಮಾತ್ರ ಹೊಡೆಯಿರಿ. ಆಗ ಕುದುರೆ, ಮೇವು, ನೀರು ಮೂರೂ ಹೊರಗಿರಲಿ. ಒಂದೇ ಗುಂಪಿನ ರಾಸಾಯನಿಕವನ್ನು ವರ್ಷಗಟ್ಟಲೆ ಹೊಡೆದರೆ ನೊಣ ಅದಕ್ಕೆ ಜಗ್ಗುವುದಿಲ್ಲ. ಬ್ರಾಂಡ್ ಬದಲಿಸಿದರೆ ಸಾಲದು, ಲೇಬಲ್ ಓದಿ ಗುಂಪನ್ನೇ ಬದಲಿಸಿ. ಲದ್ದಿಯ ಮೇಲಂತೂ ಎಂದಿಗೂ ಹೊಡೆಯಬೇಡಿ: ನೊಣದ ಮೊಟ್ಟೆ ತಿನ್ನುವ ಜೀರುಂಡೆ, ನೊಣದ ಕೋಶದೊಳಗೆ ಮೊಟ್ಟೆ ಇಡುವ ಪುಟ್ಟ ಕಣಜ ಮೊದಲು ಸಾಯುತ್ತವೆ. ಮನುಷ್ಯರನ್ನು ಕಚ್ಚದ ಈ ಕಣಜಗಳನ್ನು ಕೊಂಡು ತಂದು ಬಿಡುವುದೂ ಒಳ್ಳೆಯ ಕ್ರಮ. ನೊಣದ ಕಾಲ ಶುರುವಾಗುವ ಮೊದಲೇ ಆರಂಭಿಸಿ 2–4 ವಾರಕ್ಕೊಮ್ಮೆ ಹುಳು ಸಿಗುವ ಮೂಲೆಗಳಲ್ಲೇ ಬಿಡಬೇಕು. ಈಗಾಗಲೇ ಹಾರುತ್ತಿರುವ ನೊಣವನ್ನು ಅವು ಕೊಲ್ಲುವುದಿಲ್ಲ.

ಸೈರೋಮಜೀನ್, ಡೈಫ್ಲುಬೆಂಜುರಾನ್‌ನಂಥ ಮೇವಿನ ಔಷಧಿ ಲದ್ದಿಯ ಮೂಲಕ ಹೊರಬಂದು ಹುಳು ಬೆಳೆಯದಂತೆ ತಡೆಯುತ್ತದೆ. ಅಲ್ಲಿರುವ ಎಲ್ಲ ಕುದುರೆಗಳಿಗೂ ತೂಕಕ್ಕೆ ತಕ್ಕಂತೆ ದಿನವೂ ಕೊಟ್ಟರೆ ಮಾತ್ರ ಫಲ. ಪಕ್ಕದ ದನದ ಕೊಟ್ಟಿಗೆಯಿಂದ ಬರುವ ನೊಣಕ್ಕೆ ಅದು ಏನೂ ಮಾಡದು.

ಕುದುರೆಯ ಮೈಗೆ

ಪರ್ಮೆಥ್ರಿನ್ ಸ್ಪ್ರೇಯನ್ನು ಧೂಳು ಉಜ್ಜಿ ತೆಗೆದ ಕೂದಲಿಗೆ ಹೊಡೆಯಿರಿ, ಕಾಲಿಗೆ ಗೊರಸಿನವರೆಗೂ. ಮುಖಕ್ಕೆ ನೇರ ಹೊಡೆಯದೆ ಬಟ್ಟೆಗೆ ಹಾಕಿ, ಕಣ್ಣು ಮತ್ತು ಹೊಳ್ಳೆ ತಪ್ಪಿಸಿ ಒರೆಸಿ. ಹೊಸದಾದರೆ ಅಂಗೈ ಅಗಲಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಬೆವರು, ಮಳೆ ಬಂದರೆ ಪರಿಣಾಮ ಬೇಗ ಇಳಿಯುತ್ತದೆ. ದನಕ್ಕೆಂದು ಮಾರುವ ಗಟ್ಟಿ ದ್ರಾವಣ ಬಳಸಬೇಡಿ, ಎರಡು ಔಷಧಿ ಬೆರೆಸಬೇಡಿ. ಲಾಯದಲ್ಲಿ ಬೆಕ್ಕಿದ್ದರೆ ಹಸಿ ಸ್ಪ್ರೇ ಅದರ ಮೈಗೆ ತಾಗಬಾರದು, ಪರ್ಮೆಥ್ರಿನ್ ಬೆಕ್ಕಿಗೆ ಕೊಲ್ಲುವ ವಿಷ. ಬೆಳ್ಳುಳ್ಳಿ ತಿನ್ನಿಸಿ ನೊಣ ಓಡಿಸುವ ಉಪಾಯವನ್ನು ನಾವು ಹೇಳುವುದಿಲ್ಲ, ಹೆಚ್ಚಾದರೆ ಕುದುರೆಯ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ.

ಜಾಲರಿಯ ಮುಖವಾಡ ಕಣ್ಣಿಗೆ ತಾಗದಂತೆ ಉಬ್ಬಿರಬೇಕು. ದಿನವೂ ಬಿಚ್ಚಿ, ಒಳಗೆ ಹುಲ್ಲುಕಡ್ಡಿ ಸೇರಿದೆಯೇ, ಕಣ್ಣು ಕೆಂಪಾಗಿದೆಯೇ ನೋಡಿ. ಗಾಯವನ್ನು ಮುಚ್ಚಿಡಿ. ನೊಣ ತಂದುಬಿಡುವ ಹ್ಯಾಬ್ರೊನೆಮಾ ಎಂಬ ಜಂತುಹುಳದ ಮರಿಗಳು ಗಾಯದಲ್ಲಿ ಸೇರಿದರೆ ಅದು ಮಾಯದೆ, ಹಳದಿ ಹರಳುಗಳು ತುಂಬಿದ ಮಾಂಸದ ಗಂಟಾಗಿ ಬೆಳೆಯುತ್ತದೆ. ಹಾಗೆ ಕಂಡರೆ ಮುಲಾಮು ಹಚ್ಚುತ್ತ ಕೂರದೆ ಪಶುವೈದ್ಯರನ್ನು ಕರೆಸಿ. ಬಿಟ್ಟು ಬಿಟ್ಟು ಜ್ವರ, ಕಾಲಿನಲ್ಲಿ ಬಾವು, ದಿನೇ ದಿನೇ ಸೊರಗುವುದು ಕಂಡರೂ ತಡಮಾಡಬೇಡಿ. ಇವು ಸರ್ರಾ ಎಂಬ, ರಕ್ತದಲ್ಲಿ ಸೇರುವ ಪರೋಪಜೀವಿಯ ರೋಗದ ಲಕ್ಷಣಗಳಿರಬಹುದು. ಅದನ್ನು ಕುದುರೆನೊಣ, ಲಾಯದ ನೊಣ ಕುದುರೆಯಿಂದ ಕುದುರೆಗೆ ದಾಟಿಸುತ್ತವೆ.

ಮುಂಗಾಲಿನ ಕೂದಲಿಗೆ ಅಂಟಿದ ಸಣ್ಣ ಹಳದಿ ಕಾಳುಗಳು ಬಾಟ್ ನೊಣದ ಮೊಟ್ಟೆ. ಕುದುರೆ ನೆಕ್ಕಿದಾಗ ಮರಿಹುಳು ಬಾಯಿ ಸೇರಿ ಹೊಟ್ಟೆಗಿಳಿಯುತ್ತದೆ. ಬಾಟ್ ಚಾಕುವಿನಿಂದ ಹೆರೆದು ತೆಗೆಯಿರಿ, ಹೆರೆದದ್ದು ಮೇವಿನ ಮೇಲೆ ಬೀಳದಿರಲಿ. ಹೊಟ್ಟೆಯಲ್ಲಿರುವುದಕ್ಕೆ ಐವರ್‌ಮೆಕ್ಟಿನ್ ಅಥವಾ ಮಾಕ್ಸಿಡೆಕ್ಟಿನ್ ಕೆಲಸ ಮಾಡುತ್ತದೆ. ಯಾವಾಗ, ಎಷ್ಟು ಎಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿ.

ಕಡಿಮೆಯಾಗಿದೆಯೇ ಎಂದು ತಿಳಿಯುವುದು

8×13 ಸೆಂಟಿಮೀಟರ್ ಅಳತೆಯ ಬಿಳಿ ಕಾರ್ಡುಗಳನ್ನು ನೊಣ ಕೂರುವ ತೊಲೆ, ಕಂಬಗಳಿಗೆ ಮೊಳೆ ಹೊಡೆದು, ತಾರೀಕು ಮತ್ತು ಜಾಗ ಬರೆದಿಡಿ. ಒಂದು ವಾರದ ನಂತರ ಅವುಗಳ ಮೇಲಿನ ನೊಣದ ಹಿಕ್ಕೆಯ ಚುಕ್ಕಿ ಎಣಿಸಿ. ಒಂದು ಕಾರ್ಡಿನಲ್ಲಿ 100 ದಾಟಿದರೆ ಹತ್ತಿರದಲ್ಲೆಲ್ಲೋ ಹುಳು ಬೆಳೆಯುತ್ತಿದೆ. ಯಾವ ಕಾರ್ಡಿನಲ್ಲಿ ಹೆಚ್ಚೋ ಆ ಮಗ್ಗುಲಿನ ಮೂಲೆಗಳನ್ನೇ ಮೊದಲು ಕೆದಕಿ. ಲಾಯದ ನೊಣದ ಲೆಕ್ಕ ಕಾರ್ಡಿನಲ್ಲಿ ಸರಿಯಾಗಿ ಸಿಗದು. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಅದೇ ಕುದುರೆಗಳ ಮುಂಗಾಲಿನ ಮೇಲಿರುವ ನೊಣ ಎಣಿಸಿ ಬರೆದುಕೊಳ್ಳಿ. ಶುಚಿ ಮಾಡಿದ ಮೇಲೂ ಎರಡು ಮೂರು ವಾರ ಆ ಸಂಖ್ಯೆ ಇಳಿಯದಿರಬಹುದು, ಆಗಲೇ ಕೋಶದಲ್ಲಿದ್ದವು ಹೊರಬರುತ್ತಿರುತ್ತವೆ. ನಾಲ್ಕನೆಯ ವಾರವೂ ಇಳಿಯದಿದ್ದರೆ ಕೆದಕದೆ ಬಿಟ್ಟ ಒದ್ದೆ ಜಾಗ ಇನ್ನೊಂದಿದೆ, ಅಥವಾ ಬೇಲಿಯಾಚೆಯ ಹುಲ್ಲಿನ ರಾಶಿಯಿಂದ ಬರುತ್ತಿವೆ.