ತಲೆಗೆ ಒಂದು ಅಳತೆ, ಸ್ಕರ್ಟಿಗೆ ಇನ್ನೊಂದು: ನಾನು ಪೆಲೆಟ್ ಡೈ ಮಾಡಿಕೊಂಡ ಬಗೆ

ಏರ್ ರೈಫಲಿನ ಅಗ್ಗದ ಪೆಲೆಟ್ಟುಗಳನ್ನು, ಅಂದರೆ ಸೀಸದ ಪುಟ್ಟ ಗುಂಡುಗಳನ್ನು, ಡೈಯಲ್ಲಿ (ಅಳತೆಗೆ ಕೊರೆದ ತೂತಿರುವ ಉಕ್ಕಿನ ಅಚ್ಚಿನಲ್ಲಿ) ಹಾಯಿಸಿ ಒಂದೇ ಅಳತೆಗೆ ತರುತ್ತೇನೆ ಎಂದಾಗ ಬಳ್ಳಾರಿಯಲ್ಲಿ ನನ್ನ ಜೊತೆ ಏರ್ ರೈಫಲ್ ತರಬೇತಿ ಕೊಡುವವರು ಒಬ್ಬರೂ ಒಪ್ಪಲಿಲ್ಲ. ‘ಸೀಸ ಮುಟ್ಟಿದರೆ ಕೆಟ್ಟಿತು ಸರ್, ದುಡ್ಡಿದ್ದರೆ ಮ್ಯಾಚ್ ಡಬ್ಬಿ ತರಿಸಿ’ ಎಂದರು. ಮ್ಯಾಚ್ ಎಂದರೆ ಸ್ಪರ್ಧೆಗೆಂದೇ ಮಾಡಿದ ಪೆಲೆಟ್. ಈಗ ಅವರೇ ಡಬ್ಬಿ ಹಿಡಿದು ನನ್ನ ಬೆಂಚಿನ ಮುಂದೆ ಕೂರುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲು ದುಡ್ಡಿನ ಮಾತು. ನಾನು ಕೊಂಡಾಗ 500 ಪೆಲೆಟ್ಟುಗಳ ಮ್ಯಾಚ್ ಡಬ್ಬಿಗೆ ಸಾವಿರದ ಇನ್ನೂರರ ಆಸುಪಾಸು, ದೇಶೀ ಡಬ್ಬಿಗೆ ಮುನ್ನೂರು ಮುನ್ನೂರೈವತ್ತು. ದಿನಕ್ಕೆ ನೂರು ಹೊಡೆಯುವ ಹುಡುಗಿಗೆ ಒಂದು ಡಬ್ಬಿ ಐದು ದಿನ ಬರುತ್ತದೆ. ಹತ್ತು ಮೀಟರಿನ ಗುರಿಹಲಗೆಯಲ್ಲಿ ಹತ್ತರ ಚುಕ್ಕೆ 0.5 ಮಿ.ಮೀ., ಪೆಲೆಟ್ 4.5. ಅಂಚು ತಾಗಿದರೂ ಹತ್ತು ಸಿಗುವುದರಿಂದ ನಡುವಿನಿಂದ ಎರಡೂವರೆ ಮಿ.ಮೀ. ಒಳಗೆ ಬಿದ್ದದ್ದೆಲ್ಲ ಹತ್ತೇ. ಅಭ್ಯಾಸಕ್ಕೆ ಅಷ್ಟು ಬಿಗಿ ಸಾಕು. ಆದರೆ ದೇಶೀ ಡಬ್ಬಿಯನ್ನು ಹಾಗೆಯೇ ಹೊಡೆದರೆ, ರೈಫಲನ್ನು ಅಲುಗದಂತೆ ವೈಸಿನಲ್ಲಿ (ಬಿಗಿ ಹಿಡಿಯುವ ಇಕ್ಕಳದಲ್ಲಿ) ಕಟ್ಟಿದರೂ ಐದು ಗುಂಡುಗಳ ಗುಂಪು ಆರು ಮಿ.ಮೀ. ಹರಡುತ್ತಿತ್ತು. ತೂಕದ ವ್ಯತ್ಯಾಸವೇ ಕಾರಣ ಎಂದುಕೊಂಡು ಚಿನಿವಾರರ ತಕ್ಕಡಿಯಲ್ಲಿ ತೂಗಿ ಬೇರ್ಪಡಿಸಿದೆ, ಲಾಭ ಅಲ್ಪ. ಪೆಲೆಟ್ಟಿನ ಮುಂಭಾಗ, ಅಂದರೆ ತಲೆಯ ಅಳತೆ ನೋಡಿದಾಗ ಒಂದೇ ಡಬ್ಬಿಯಲ್ಲಿ 4.48ರಿಂದ 4.56ರವರೆಗೆ ಇತ್ತು. ರೋಗ ಅಲ್ಲಿತ್ತು.

ಮೊದಲ ಡೈಯನ್ನು ಗಣಿ ಟಿಪ್ಪರುಗಳ ಕೆಲಸ ಮಾಡುವ ಲೇತಿನಲ್ಲಿ ಮಾಡಿಸಿದೆ. ಮಾಮೂಲು 4.5 ರೀಮರ್ (ತೂತನ್ನು ನಿಖರ ಅಳತೆಗೆ ತರುವ ಹತ್ಯಾರು), ನೇರ ತೂತು, ಪೂರ್ತಿ ಹಾಯಿಸುವ ಬಗೆ. ಎಚ್7 ಎಂಬ ನಿಖರತೆಯ ದರ್ಜೆಯ ರೀಮರ್ ಕೊಡುವ ತೂತು 4.500ಕ್ಕೂ 4.512ಕ್ಕೂ ನಡುವೆ ನಿಲ್ಲುತ್ತದೆ, ಒತ್ತಿದ ಸೀಸ ಹೊರಬಂದ ಮೇಲೆ ಎರಡು ಮೂರು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ಮತ್ತೆ ಉಬ್ಬುತ್ತದೆ. ತಲೆಗಳು 4.51 ಆದವು, ನನಗೆ ಬೇಕಿದ್ದದ್ದಕ್ಕಿಂತ ದೊಡ್ಡವು. ಮುಂದಿನದನ್ನು ಸಣ್ಣದಾಗಿ ಮಾಡಿಸಿದಾಗ ತಲೆ ಸರಿಹೋಯಿತು, ಗುಂಪು ಮಾತ್ರ ಮೊದಲಿಗಿಂತ ಕೆಟ್ಟಿತು. ಅದೇ ಹೊತ್ತಿಗೆ ‘ಹೇಳಿರಲಿಲ್ಲವೇ’ ಎನ್ನುವವರು ಹೆಚ್ಚಾದರು. ಕಾರಣ ಸ್ಕರ್ಟ್, ಅಂದರೆ ಪೆಲೆಟ್ಟಿನ ಹಿಂದಿನ ಟೊಳ್ಳಾದ, ಅಗಲ ಭಾಗ. ಪೂರ್ತಿ ಹಾಯಿಸಿದರೆ 4.7ರಷ್ಟಿರುವ ಸ್ಕರ್ಟ್ ಕೂಡ ತಲೆಯ ಅಳತೆಗೇ ಇಳಿಯುತ್ತದೆ. ಮ್ಯಾಚ್ ರೈಫಲಿನ ಸಣ್ಣ ಒತ್ತಡಕ್ಕೆ ಆ ದಪ್ಪ ಸ್ಕರ್ಟ್ ಮತ್ತೆ ಅರಳುವುದಿಲ್ಲ. ಗಾಳಿ ಸೋರುತ್ತದೆ, ವೇಗ ಒಂದೊಂದು ಗುಂಡಿಗೆ ಒಂದೊಂದು.

ಹಾಗಾಗಿ ನಾನು ಹೇಳುವುದು ಇಷ್ಟೇ: ಕೊಂಡರೂ ಸರಿ, ಮಾಡಿಸಿದರೂ ಸರಿ, ಎರಡು ಅಳತೆಯ ತೂತಿನ, ಮೆಟ್ಟಿಲಿರುವ ಡೈಯನ್ನೇ ಆರಿಸಿಕೊಳ್ಳಿ. ನನ್ನದರಲ್ಲಿ ಕೆಳಗೆ ಒಂದು ಮಿ.ಮೀ. ಉದ್ದದ ಬಿಗಿ ಪಟ್ಟಿ, ಮೇಲೆ 4.62ರ ಸಡಿಲ ಭಾಗ. ತಲೆ ಬಿಗಿಯಲ್ಲಿ ಇಳಿದಾಗ ಸ್ಕರ್ಟ್ ಸಡಿಲದಲ್ಲೇ ನಿಲ್ಲುತ್ತದೆ, ಆಮೇಲೆ ಕೆಳಗಿನ ಪಿನ್ನು ಪೆಲೆಟ್ಟನ್ನು ಮೇಲಕ್ಕೆ ದೂಡುತ್ತದೆ. ಒತ್ತುವ ಕಡ್ಡಿ ಸ್ಕರ್ಟಿನ ಅಂಚನ್ನು ಮುಟ್ಟಬಾರದು; ಒಳಗಿನ ಗುಳಿಗೆ ಇಳಿದು ತಲೆಯನ್ನೇ ಒಳಗಿನಿಂದ ತಳ್ಳಬೇಕು. ಅದರ ತುದಿಯನ್ನು ನಾನು ಯಾವ ಆಕಾರಕ್ಕೆ ಉಜ್ಜಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಬಹಳ ಬೆಲೆ ತೆತ್ತಿದ್ದೇನೆ.

4.48ರ ರೀಮರ್ ಮತ್ತು ನೂರನೇ ಒಂದು ಮಿ.ಮೀ. ಅಂತರದ ಅಳತೆ ಪಿನ್ನುಗಳು ಇಲ್ಲಿ ಸಿಗಲಿಲ್ಲ, ಮುಂಬೈನ ನಾಗದೇವಿ ಬೀದಿಯಿಂದ ತರಿಸಿದೆ, ಐದು ಸಾವಿರದಷ್ಟಾಯಿತು. ಡೈಯ ಸಿಲ್ವರ್ ಸ್ಟೀಲನ್ನು (ಗಡಸು ಮಾಡಬಹುದಾದ ಒಂದು ಬಗೆಯ ಉಕ್ಕು) ಕಾಯಿಸಿ ಎಣ್ಣೆಗೆ ಬಿಟ್ಟಾಗ ತೂತು ಸ್ವಲ್ಪ ಸೊಟ್ಟಗಾಗುತ್ತದೆ. ಆದ್ದರಿಂದ ರೀಮ್ ಮಾಡಿ, ಗಡಸು ಮಾಡಿ, ಕೊನೆಗೆ ತಾಮ್ರದ ಕಡ್ಡಿಯಿಂದ ಲ್ಯಾಪ್ ಮಾಡಬೇಕು, ಅಂದರೆ ನಯವಾಗಿ ಉಜ್ಜಿ ಅಳತೆಗೆ ತರಬೇಕು. 4.49ರ ಪಿನ್ ಇಳಿಯಬೇಕು, 4.50ರದು ನಿಲ್ಲಬೇಕು. ಬಾಯಿಯ ಇಳಿಜಾರು ಕಡಿದಾಗಿದ್ದರೆ ಡೈ ಸೀಸವನ್ನು ಒತ್ತುವುದಿಲ್ಲ, ಹೆರೆಯುತ್ತದೆ. ಉಂಗುರದಂತೆ ಸಿಪ್ಪೆ ಏಳುತ್ತದೆ. ಆ ಇಳಿಜಾರನ್ನು ತಿದ್ದಿಕೊಟ್ಟವರು ಪೇಟೆಯ ಅಕ್ಕಸಾಲಿಗರು. ಚಿನ್ನದ ತಂತಿ ಎಳೆಯುವ ಅಚ್ಚು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ, ಕನ್ನಡಕ ಮೇಲೇರಿಸಿ ಒಮ್ಮೆ ನೋಡಿ ಕೆಲಸಕ್ಕೆ ಕುಳಿತರು. ಕೆಟ್ಟ ಡೈಗಳೂ ಸೇರಿ ಒಟ್ಟು ಖರ್ಚು ಹನ್ನೆರಡು ಹದಿಮೂರು ಸಾವಿರ. ಆರೇಳು ಮಕ್ಕಳ ಅಭ್ಯಾಸದಲ್ಲಿ ಅದು ಒಂದು ತಿಂಗಳೊಳಗೆ ವಾಪಸು ಬಂತು.

ನಡುವೆ ಒಬ್ಬರು, ಬಳ್ಳಾರಿಯ ಬಿಸಿಲಿಗೆ ಅಳತೆಯೇ ಬದಲಾಗುತ್ತದೆ ಎಂದು ವಾದಿಸಿದರು. ಮೇ ತಿಂಗಳಲ್ಲಿ ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿದೆ. ಇಪ್ಪತ್ತು ಡಿಗ್ರಿ ಏರಿದರೂ 4.5 ಮಿ.ಮೀ. ಉಕ್ಕು ಹಿಗ್ಗುವುದು ಒಂದು ಮೈಕ್ರಾನ್, ಸೀಸ ಎರಡೂವರೆ. ಬಿಸಿಲಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಧೂಳಿನ ಮಾತು ಬೇರೆ. ಹೊಸಪೇಟೆ ರಸ್ತೆಯ ಅದಿರಿನ ಕೆಂಪು ಧೂಳು ಸೀಸಕ್ಕಿಂತ ಎಷ್ಟೋ ಗಡುಸು. ಒಂದು ಕಣ ಪೆಲೆಟ್ಟಿನಲ್ಲಿ ನಾಟಿಕೊಂಡರೂ ಡೈಯಲ್ಲಿ ಗೀರು ಬೀಳುತ್ತದೆ. ಪೆಲೆಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮುಚ್ಚಿದ ಡಬ್ಬಿಯಿಂದಲೇ ತೆಗೆದು ಒತ್ತುತ್ತೇನೆ. ಒತ್ತುವ ಮುನ್ನ ಒಂದು ಎಣ್ಣೆ ಸವರುತ್ತೇನೆ, ಅದರ ಮಿಶ್ರಣವೂ ನನ್ನ ಬಳಿಯೇ ಇರಲಿ. ಈ ಕೆಲಸವನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಸೀಸ ವಿಷ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ನೀರನ್ನೂ ಕುಡಿಯಬಾರದು.

ಇನ್ನೊಂದು ವಿಷಯ. ಡೈ ಕುಗ್ಗಿಸಬಲ್ಲದು, ಹಿಗ್ಗಿಸಲಾರದು. ತಡೆಯೇ ಇಲ್ಲದೆ ಇಳಿದ ಪೆಲೆಟ್ಟಿನ ತಲೆ ಮೊದಲೇ ಸಣ್ಣದು, ಅದನ್ನು ಬೇರೆ ಡಬ್ಬಿಗೆ ಹಾಕಿ. ನೂರಕ್ಕೆ ಹತ್ತು ಹನ್ನೆರಡು ಹಾಗೆ ಹೋಗುತ್ತವೆ. ದೊಡ್ಡ ತಲೆಯ ತಯಾರಿಯನ್ನೇ ಹುಡುಕಿ ಕೊಂಡರೆ ನಷ್ಟ ಕಡಿಮೆ. ಉಳಿದವು ನನ್ನ ವೈಸಿನಲ್ಲಿ ಎರಡು ಮಿ.ಮೀ. ಸುತ್ತಮುತ್ತ ಗುಂಪು ಕೊಡುತ್ತಿವೆ. ಸ್ಪರ್ಧೆಯ ದಿನ ಮ್ಯಾಚ್ ಡಬ್ಬಿಯನ್ನೇ ತೆರೆಯುತ್ತೇವೆ, ಅದರಲ್ಲಿ ಒಂದು ಮಿ.ಮೀ. ಒಳಗೆ ಬರುತ್ತದೆ. ಸ್ಪ್ರಿಂಗ್ ರೈಫಲಿನವರು ನನ್ನ 4.62ನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಅವಕ್ಕಾಗಿ ಮೇಲಿನ ಮೆಟ್ಟಿಲನ್ನು 4.66ಕ್ಕೆ ಲ್ಯಾಪ್ ಮಾಡುತ್ತಿದ್ದೇನೆ.